ಎಡ ಬಾಗಿಲಿನ ಒಳಮೈ

ಫೆಬ್ರವರಿ 9, ಭಾನುವಾರ. ಬೆಳಗ್ಗೆ 7 ಗಂಟೆ 10 ನಿಮಿಷಕ್ಕೆ ಬರೆಯಲು ಕುಳಿತೆ. ಸ್ಯಾನ್ ಮಟಿಯೋದ ನಮ್ಮ ಅಪಾರ್ಟ್‌ಮೆಂಟಿನ ಅಡುಗೆಮನೆಯ ಮೇಜು. ಎದುರಿಗೆ ನನ್ನ ದಿನಚರಿಯ ಹನ್ನೊಂದು ಪುಸ್ತಕಗಳಿವೆ, ವರ್ಷಕ್ಕೊಂದು.

ನನಗೆ ಮೂವತ್ತಾರು ವರ್ಷ. ಈ ವಯಸ್ಸಿಗೆ ನಿವೃತ್ತಿ ಎಂದರೆ ಜನ ನಗುತ್ತಾರೆ. ನಾನು ಕೆಲಸ ಮಾಡುತ್ತಿದ್ದ ಕಾರು ಶೆಡ್ಡಿನಲ್ಲಿ ಬಣ್ಣ ಗಟ್ಟಿಯಾಗಲೆಂದು ಬೆರೆಸುವ ರಾಸಾಯನಿಕದ ಆವಿ ನನ್ನ ಶ್ವಾಸಕೋಶಕ್ಕೆ ಒಗ್ಗಲಿಲ್ಲ. "ಇನ್ನು ಆ ಶೆಡ್ಡಿನೊಳಗೆ ಕಾಲಿಡಬೇಡಿ" ಎಂದು ಡಾಕ್ಟರು ಹೇಳಿದ ಮೇಲೆ ಡಿಸೆಂಬರ್ 13, ಶುಕ್ರವಾರ, ಕೆಲಸ ಬಿಟ್ಟೆ. ಬೇರೆ ಕೆಲಸ ಸಿಗಬಹುದು. ಆ ಕೆಲಸ ಮಾತ್ರ ಮುಗಿಯಿತು.

ಸೌತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಎರಡು ಲ್ಯಾಬುಗಳ ನಡುವೆ ಸಿಕ್ಕಿಕೊಂಡಂತಿದ್ದ ಒಂದು ಶೆಡ್ಡಿನಲ್ಲಿ ನಾವು ಹಳೆಯ ಕಾರುಗಳಿಗೆ ಮರುಜೀವ ಕೊಡುತ್ತಿದ್ದೆವು. ಅದರಲ್ಲೂ ಎರಡು ಮಹಾಯುದ್ಧಗಳ ನಡುವೆ ಇಟಲಿಯಲ್ಲಿ ತಯಾರಾದ ಓಟದ ಕಾರುಗಳಿಗೆ. ನನ್ನ ಕೆಲಸ ಕಾರಿನ ಚರಿತ್ರೆ ಬರೆಯುವುದು: ಎಲ್ಲಿ ಹುಟ್ಟಿತು, ಯಾರ ಕೈಯಲ್ಲಿತ್ತು, ಯಾವ ತುಂಡು ಮೂಲದ್ದು, ಯಾವುದು ಆಮೇಲೆ ಸೇರಿದ್ದು. ಹನ್ನೊಂದು ವರ್ಷದಲ್ಲಿ 23 ಕಾರುಗಳ ಚರಿತ್ರೆ ಬರೆದೆ. ಇಪ್ಪತ್ತಮೂರನೆಯದರಲ್ಲಿ ಒಂದು ಸಾಲು ಖಾಲಿ ಉಳಿದಿದೆ. ಎಂಬತ್ತೇಳು ವರ್ಷದ ಆಲ್ಡೋ ಎಂಬ ಹಿರಿಯರು ಆ ಸಾಲಿಗಾಗಿ ಕಾದಿದ್ದಾರೆ. ಆ ಕಾರಿನ ಮೈಯನ್ನು ಬಡಿದು ರೂಪಿಸಿದ್ದು ತಮ್ಮ ತಂದೆಯೋ ಅಲ್ಲವೋ ಎಂದು ಅವರಿಗೆ ತಿಳಿಯಬೇಕು. ಅದಕ್ಕಿದ್ದಿರಬಹುದಾದ ಸಾಕ್ಷಿಯನ್ನು ಅಳಿಸಿದ್ದು ನಾವು. ಹೆಚ್ಚಿನ ತಪ್ಪು ನನ್ನದು. ಈ ಕೆಲಸಕ್ಕೆ ಬರಬೇಕೆಂದಿರುವ ಇಬ್ಬರು ಕಾಲೇಜು ಹುಡುಗಿಯರು "ಅಕ್ಕ, ಆ ಕೆಲಸ ಹೇಗಿರುತ್ತೆ?" ಎಂದು ಕೇಳಿದ್ದಾರೆ. ಅವರಿಗೆ ಹೇಳಬೇಕಾದದ್ದೂ ಇದೇ.

ಮೊದಲು ಸಣ್ಣ ತಪ್ಪುಗಳು.

ಕನ್ನಡ ಸಂಘದ ಊಟದಲ್ಲಿ ಯಾರಾದರೂ "ಎಲ್ಲಿ ಕೆಲಸ?" ಎಂದಾಗ "ಗ್ಯಾರೇಜಿನಲ್ಲಿ" ಎನ್ನುತ್ತಿದ್ದೆ.

"ಓ, ಸ್ಟಾರ್ಟಪ್ಪಾ? ಇನ್ನೂ ಗ್ಯಾರೇಜ್ ಸ್ಟೇಜಲ್ಲೇ ಇದೀರಾ?"

"ಇಲ್ಲ ಅಂಕಲ್, ನಿಜವಾದ ಗ್ಯಾರೇಜು. ಆಯಿಲು, ಗ್ರೀಸು ಎಲ್ಲಾ ಇದೆ."

ಅಲ್ಲಿಗೆ ಮಾತು ನಿಂತು, ಅವರು ಮೊಸರನ್ನದ ಕಡೆ ನಡೆಯುತ್ತಿದ್ದರು. ಮೈಸೂರಿನಲ್ಲಿ ಮೆಕ್ಯಾನಿಕಲ್ ಓದಿದವಳು ಇಲ್ಲಿ ಬಂದು ನಿಜವಾಗಿ ಕಬ್ಬಿಣ ಮುಟ್ಟುತ್ತಾಳೆ ಎಂದು ಯಾರೂ ನಿರೀಕ್ಷಿಸಿರಲಿಲ್ಲ.

ಶೆಡ್ಡಿನ ಯಜಮಾನರು ವಾಲ್ಟ್. ಹೊಗಳುವ ಅಭ್ಯಾಸ ಅವರಿಗಿರಲಿಲ್ಲ. ಮೊದಲ ದಿನವೇ ಒಂದು ಹಳೆಯ ಬೋಲ್ಟು ನನ್ನ ಕೈಗಿಟ್ಟು "ಇದರ ಬಗ್ಗೆ ಹತ್ತು ಸಾಲು ಬರಿ" ಎಂದರು. ನಾಲ್ಕು ಬರೆದೆ. ಅವರು ಕನ್ನಡಕ ಏರಿಸಿಕೊಂಡು ಓದಿ, "ಇದರಲ್ಲಿ ಎರಡು ನೀನು ನೋಡಿದ್ದು, ಎರಡು ನೀನು ಅಂದುಕೊಂಡದ್ದು. ಅಂದುಕೊಂಡದ್ದನ್ನು ಹೊಡೆದುಹಾಕು" ಎಂದರು. ಅವರ ಇನ್ನೊಂದು ನಿಯಮ ಗೋಡೆಯ ಮೇಲೆಯೇ ಇತ್ತು: ಮೊದಲು ಫೋಟೋ, ಆಮೇಲೆ ಕೈ. ಒಂದು ತುಂಡನ್ನು ಉಜ್ಜುವ, ಬಡಿಯುವ, ತೊಳೆಯುವ ಮುನ್ನ ಅದರ ಎರಡೂ ಮೈಯ ಫೋಟೋ ಆಗಿರಬೇಕು. ಏಕೆಂದರೆ ನಮ್ಮ ಕೆಲಸದಲ್ಲಿ ಚರಿತ್ರೆ ಇರುವುದು ಕೊಳೆಯಲ್ಲಿ, ಗೀರಿನಲ್ಲಿ, ಹಳೆಯ ಬಣ್ಣದ ಪದರದಲ್ಲಿ. ಚೊಕ್ಕ ಮಾಡುವುದೆಂದರೆ ಅದನ್ನು ಕಳೆಯುವುದು.

ಎರಡನೆಯ ವಾರ ಒಂದು ಇಟಾಲಿಯನ್ ಕಾರನ್ನು ಅಂಗಳದಿಂದ ಒಳಗೆ ತರಲು ಹೇಳಿದರು. ಅದರ ಸ್ಟೀರಿಂಗು ಬಲಕ್ಕೆ, ನಮ್ಮೂರಿನ ಹಾಗೆಯೇ. ಆ ಕಾಲದಲ್ಲಿ ಇಟಲಿಯ ದೊಡ್ಡ ಕಾರುಗಳು ಹಾಗೇ ಇರುತ್ತಿದ್ದವು. ಅಮೆರಿಕದವರು ಅದರಲ್ಲಿ ಕುಳಿತು ತಡಬಡಿಸುವುದನ್ನು ನೋಡಿದ್ದ ನಾನು ಜಂಬದಿಂದ ಹತ್ತಿ ಕುಳಿತೆ. ಆದರೆ ಆ ಕಾರುಗಳಲ್ಲಿ ನಡುವಿನ ಪೆಡಲ್ಲು ಬ್ರೇಕಲ್ಲ, ಆಕ್ಸಿಲರೇಟರು. ನಿಲ್ಲಿಸಬೇಕೆಂದು ನಡುವಿನದನ್ನು ಒತ್ತಿದೆ. ಕಾರು ನೆಗೆದು ಕಸದ ಡಬ್ಬಿಗಳ ಸಾಲಿಗೆ ಹೊಕ್ಕಿತು.

ಆಗ ಮೊದಲ ಬಾರಿ, ಹಿಂಬದಿಯ ತಗಡಿನ ಕೆಲಸದ ಕೋಣೆಯಿಂದ ದಸ್ತಗೀರ್ ಕಾಕಾನ ದನಿ ಕೇಳಿದೆ. "ಬಂದ ಎರಡ ವಾರಕ್ಕ ನನಗ ಕೆಲಸ ಹಚ್ಚಿದೆಲ್ಲಾ ಅವ್ವಾ!"

ಆ ಶೆಡ್ಡಿನಲ್ಲಿ ಕನ್ನಡ ಕೇಳುತ್ತದೆಂದು ನನಗೆ ಗೊತ್ತಿರಲಿಲ್ಲ. ಗಾಬರಿಗೋ ಸಂತೋಷಕ್ಕೋ ಅತ್ತುಬಿಟ್ಟೆ. "ಅಳಬ್ಯಾಡ. ಡಬ್ಬಿ ಪ್ಲಾಸ್ಟಿಕ್ಕಿಂದು, ತಗಡು ಸ್ವಲ್ಪ ಮೂಗ್ ಮುರಕೊಂಡೈತಿ ಅಷ್ಟ" ಎಂದು ಕಾಕಾ ಬಾಗಿ ನೋಡಿದರು.

ದಸ್ತಗೀರ್ ಕಾಕಾ ಹುಬ್ಬಳ್ಳಿಯವರು. ಅಲ್ಲಿ ನಲವತ್ತು ವರ್ಷ ಟಿಂಕರಿಂಗ್ ಮಾಡಿದವರು. ಲಾರಿ, ಅಂಬಾಸಿಡರು, ಜೀಪು, ಯಾವುದು ಜಜ್ಜಿಕೊಂಡು ಬಂದರೂ ಬಡಿದು ನೇರ ಮಾಡಿದವರು. ಡಾಕ್ಟರಾದ ಮಗಳ ಜೊತೆ ಇರಲು ಇಲ್ಲಿಗೆ ಬಂದು, ಸುಮ್ಮನೆ ಕೂರಲಾರದೆ ನಡೆಯುತ್ತ ನಮ್ಮ ಬೀದಿಗೆ ಬಂದಾಗ ಸುತ್ತಿಗೆಯ ಸದ್ದು ಕೇಳಿ ಒಳಗೆ ನುಗ್ಗಿದ್ದರಂತೆ. ವಾಲ್ಟ್ ಅವರ ಕೈಗೊಂದು ಸೊಟ್ಟ ಮಡ್‌ಗಾರ್ಡು ಕೊಟ್ಟರು. ಸಂಜೆಗೆ ಅದು ನೆಟ್ಟಗಾಗಿತ್ತು. ಕಾಕಾ ಕಣ್ಣಿಗಿಂತ ಅಂಗೈಯನ್ನು ನಂಬುತ್ತಿದ್ದರು. ತಗಡಿನ ಮೇಲೆ ಅಂಗೈ ಆಡಿಸಿ, "ಇಲ್ಲೊಂದು ಮೊಡವಿ ಐತಿ" ಎನ್ನುತ್ತಿದ್ದರು. ನಾವು ಎಷ್ಟು ನೋಡಿದರೂ ಕಾಣುತ್ತಿರಲಿಲ್ಲ. ಬೆಳಕನ್ನು ಓರೆಯಾಗಿ ಬಿಟ್ಟರೆ ಕಾಣುತ್ತಿತ್ತು.

ನಾನು ಬರೆಯುತ್ತಿದ್ದರೆ ಅವರಿಗೆ ತಮಾಷೆ. "ಏನ್ ಬರಿತೀ ಅಷ್ಟ್? ಕಾರಿಗೆ ಜಾತಕ ಬರ್ಯಾಕತ್ತೀಯೇನು?"

"ಹೂಂ ಕಾಕಾ, ಮದುವೆ ಮಾಡಿ ಕಳಿಸ್ಬೇಕಲ್ಲ."

ಆ ಜಾತಕಗಳು ಎಲ್ಲವೂ ಸುಖದವಲ್ಲ. ಈ ಕಾರುಗಳು ಹುಟ್ಟಿದಾಗ ರಾಜರ ಹಾಗಿದ್ದವು. ಚಾಸಿ, ಎಂಜಿನ್ನು ಮಿಲಾನಿನ ಕಾರ್ಖಾನೆಯಲ್ಲಿ. ಮೈ ಮಾತ್ರ ಬೇರೆ ಕಸಬುದಾರರ ಅಂಗಡಿಯಲ್ಲಿ, ಮರದ ಚೌಕಟ್ಟಿನ ಮೇಲೆ ಅಲ್ಯೂಮಿನಿಯಂ ತಗಡು ಬಡಿದು ಕೂರಿಸಿದ್ದು. ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರಿನ ಸದ್ದಿಗೇ ಜನ ರಸ್ತೆಗೆ ಬರುತ್ತಿದ್ದರಂತೆ. ಕೆಲವೇ ವರ್ಷಗಳಲ್ಲಿ ಹೊಸ ಮಾದರಿ ಬಂದು ಹಳೆಯದು ಕೇಳುವವರಿಲ್ಲದಾಯಿತು. ಯುದ್ಧದಲ್ಲಿ ಕೆಲವು ಹುಲ್ಲಿನ ರಾಶಿಯಡಿ ಅಡಗಿದವು, ಕೆಲವು ಗುಜರಿಗೆ ಹೋದವು. ಯುದ್ಧ ಮುಗಿದ ಮೇಲೆ ಅಮೆರಿಕದವರು ಅಗ್ಗಕ್ಕೆ ಕೊಂಡು ಹಡಗಿನಲ್ಲಿ ತಂದರು. ಎಂಜಿನ್ನು ಕೆಟ್ಟರೆ ಬಿಡಿಭಾಗ ಸಿಗದು. ಕಿತ್ತೆಸೆದು ಇಲ್ಲಿನ ದೊಡ್ಡ ಎಂಜಿನ್ನು ತುರುಕಿದರು. ನಾನು ಚರಿತ್ರೆ ಬರೆದ 23ರಲ್ಲಿ ತನ್ನದೇ ಎಂಜಿನ್ನು ಉಳಿಸಿಕೊಂಡಿದ್ದವು 9.

ಒಮ್ಮೆ ಒಬ್ಬರು ತಮ್ಮ ಕಾರು ತಂದರು. ಮೂವತ್ತು ವರ್ಷ ತೊಳೆದು ಒರೆಸಿ ಇಟ್ಟದ್ದು. ಪರೀಕ್ಷಿಸಿದರೆ ಚಾಸಿಯ ಮುಂದಿನ ಅರ್ಧ ಮಾತ್ರ ಹಳೆಯದು, ಹಿಂದಿನದು ಯಾರೋ ಆಮೇಲೆ ಮಾಡಿ ಬೆಸೆದದ್ದು. ನಾನು ಈಮೇಲ್ ಮಾಡಿದ್ದ ವರದಿ ಓದಿಕೊಂಡು ಬಂದು ಅವರು ಕುರ್ಚಿಯಲ್ಲಿ ಕುಳಿತೇ ಇದ್ದರು. "ನನ್ನ ಹೆಂಡತಿ ಕೊನೆಯ ಸಲ ಆಸ್ಪತ್ರೆಗೆ ಹೋದದ್ದು ಇದರಲ್ಲೇ" ಎಂದರು. ಅವರು ಹೋದ ಮೇಲೆ ವಾಲ್ಟ್, "ನಿಜ ಬರೆದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಆದರೆ ಕೊಡುವಾಗ ಎದುರಿಗೆ ಕುಳಿತು ಕೊಡು, ಈಮೇಲ್ ಮಾಡಬೇಡ" ಎಂದರು. ಹುಡುಗಿಯರೇ, ಇದನ್ನು ಬರೆದಿಟ್ಟುಕೊಳ್ಳಿ.

ಕೆಲಸದ ರೀತಿಯೂ ನನ್ನ ಕಣ್ಣೆದುರೇ ಬದಲಾಯಿತು. ನಾನು ಸೇರಿದಾಗ ಎಲ್ಲವನ್ನೂ ಕಿತ್ತು, ಉಜ್ಜಿ, ಕನ್ನಡಿಯ ಹಾಗೆ ಮಾಡಿದರೆ ಮಾಲೀಕರು ಕುಣಿಯುತ್ತಿದ್ದರು. ಬರಬರುತ್ತ, ಹಳೆಯ ಗೀರು, ಹಳೆಯ ಚರ್ಮ ಹಾಗೇ ಇರಲಿ ಎನ್ನುವವರು ಹೆಚ್ಚಾದರು. ಇಪ್ಪತ್ತಮೂರನೆಯ ಕಾರಿನ ಮಾಲೀಕರು ಮಾತ್ರ ಹಳೆಯ ಕಾಲದವರು. ಸರಟೋಗಾದ ಗುಡ್ಡದ ಮನೆಯವರು. ಒಣದ್ರಾಕ್ಷಿಯ ಹಾಗೆ ಪ್ಲಮ್ ಹಣ್ಣು ಒಣಗಿಸುತ್ತಿದ್ದ ಹಳೆಯ ತೋಟದ ಶೆಡ್ಡಿನಲ್ಲಿ ಬಿದ್ದಿದ್ದ ಕಾರನ್ನು ಕೊಂಡು ತಂದಿದ್ದರು. "ಒಳಗೂ ಹೊರಗೂ ಹೊಸದರಂತಿರಬೇಕು" ಎಂದಿದ್ದರು.

ಕಳೆದ ವರ್ಷ ಆಗಸ್ಟ್ 27, ಮಂಗಳವಾರ. ಮುಂಚೆ ತೆಗೆದ ಫೋಟೋಗಳಲ್ಲಿ ಒಳಮೈಗಳು ದಪ್ಪ ಬಣ್ಣದಡಿ ಮುಚ್ಚಿದ್ದವು, ಆದ್ದರಿಂದ ಬಣ್ಣ ಕಿತ್ತು ಬಂದ ತುಂಡುಗಳ ಫೋಟೋ ಮತ್ತೆ ತೆಗೆದೆ. ಪಟ್ಟಿಯಲ್ಲಿ 53 ತುಂಡು, ಎರಡೆರಡು ಮೈ, ಒಟ್ಟು 106 ಫೋಟೋ. ಬಾಗಿಲುಗಳ ಸರದಿ ಬಂದಾಗ ಕೆಮ್ಮು ಜೋರಾಗಿತ್ತು. ಎಡ ಬಾಗಿಲಿನ ಹೊರಮೈ, ಬಲ ಬಾಗಿಲಿನ ಹೊರಮೈ, ಬಲದ ಒಳಮೈ ತೆಗೆದೆ. ಕೊನೆಯದರಲ್ಲಿ ಬೆಳಕು ಹೊಳೆದುಬಿಟ್ಟಿತ್ತು, ಇನ್ನೊಮ್ಮೆ ತೆಗೆದೆ. ಮೊದಲಿನದನ್ನು ಅಳಿಸಲಿಲ್ಲ. ಅಷ್ಟರಲ್ಲಿ ಉಸಿರು ಕಟ್ಟಿ ಹೊರಗೆ ಹೋಗಿ ಹತ್ತು ನಿಮಿಷ ನಿಂತೆ. ಒಳಗೆ ಬಂದು ಮುಂದಿನ ತುಂಡಿಗೆ ಹೋದೆ. ಸಂಜೆ ಎಣಿಸಿದೆ: 106. ಪಟ್ಟಿಯೂ 106. ಎಲ್ಲಕ್ಕೂ ಟಿಕ್ ಹಾಕಿದೆ. ಚಿತ್ರಗಳನ್ನು ಒಂದೊಂದಾಗಿ ತೆರೆದು ನೋಡಲಿಲ್ಲ. ಎಣಿಕೆ ಸರಿಹೋದರೆ ನನಗೆ ಎಲ್ಲವೂ ಸರಿಹೋದಂತೆ, ಚಿಕ್ಕಂದಿನಿಂದಲೂ ಹಾಗೇ.

ಸೆಪ್ಟೆಂಬರ್ 10, ಮಂಗಳವಾರ. ಕಾಕಾ ಎಡ ಬಾಗಿಲಿನ ತಗಡನ್ನು ಮೊಣಕಾಲ ಮೇಲಿಟ್ಟುಕೊಂಡು ಅಂಗೈ ಆಡಿಸಿದರು.

"ಇಲ್ಲಿ, ಕೀಲಿನಿಂದ ಒಂದ್ ಗೇಣು ಈಚಿಗೆ, ಒಂದೀಟು ಮೊಡವಿ ಅದಾವ. ಒಳಗಿಂದ ಯಾರೋ ಮೊನಿ ಇರೋ ಪಂಚ್ ಇಟ್ಟು ಹೊಡದಾರ. ಇದರ ಫೋಟೋ ಆತೇನವ್ವಾ?"

"ಆಯ್ತು ಕಾಕಾ, ಎಲ್ಲಾ ಟಿಕ್ ಹಾಕಿದೀನಿ."

"ನೋಡ್ ಮತ್ತ. ಸುತ್ತಗಿ ಬಿದ್ದ ಮ್ಯಾಲ ಕೇಳಬ್ಯಾಡ."

"ಪಟ್ಟಿ ನೋಡೇ ಹೇಳ್ತಿರೋದು ಕಾಕಾ."

ಅವರು ತಗಡನ್ನು ಕಾಯಿಸಿ ಮೆತ್ತಗೆ ಮಾಡಿ, ಕೆಳಗೆ ಉಕ್ಕಿನ ದಿಮ್ಮಿ ಕೊಟ್ಟು, ಹೊರಗಿಂದ ಬಡಿದು ಸಮ ಮಾಡಿದರು. ಅರ ಹಾಕಿದರು. ಒಳಮೈಯನ್ನೂ ಉಜ್ಜಿದರು, ಮಾಲೀಕರು ಕೇಳಿದ್ದೇ ಹಾಗೆ. ಸಂಜೆ ನನ್ನ ಕೈಹಿಡಿದು ತಗಡಿನ ಮೇಲೆ ಆಡಿಸಿ, "ಹೆಂಗೈತಿ? ರೇಷ್ಮಿ" ಎಂದರು. ನಿಜಕ್ಕೂ ರೇಷ್ಮೆಯ ಹಾಗಿತ್ತು.

ಸೆಪ್ಟೆಂಬರ್ 19, ಗುರುವಾರ, ಬೆಳಗ್ಗೆ 10.30ಕ್ಕೆ ಆಲ್ಡೋ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಒಂದು ಭೂತಕನ್ನಡಿ. ಈ ಮಾದರಿಯ ಕಾರು ನಮ್ಮಲ್ಲಿದೆ ಎಂದು ಕೇಳಿ, ಮಾಲೀಕರ ಅನುಮತಿ ಪಡೆದು ಬಂದಿದ್ದರು.

ಅವರು ಹೇಳಿದ್ದು ಇಷ್ಟು. ಅವರ ತಂದೆ ಮಿಲಾನಿನಲ್ಲಿ ಇದೇ ಮಾದರಿಯ ಮೈ ಕಟ್ಟುತ್ತಿದ್ದ ಅಂಗಡಿಯಲ್ಲಿ ತಗಡು ಬಡಿಯುತ್ತಿದ್ದರು. ಯುದ್ಧಕ್ಕೆ ಮುಂಚೆ ಇಲ್ಲಿಗೆ ವಲಸೆ ಬಂದು, ಹಣ್ಣು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಬದುಕು ಕಳೆದರು. ಮಿಲಾನಿನ ಅಂಗಡಿಯ ಪುಸ್ತಕಗಳು ಯುದ್ಧದಲ್ಲಿ ಸುಟ್ಟುಹೋದವು. ಅಲ್ಲಿ ಕೆಲಸ ಮಾಡಿದ್ದಕ್ಕೆ ಒಂದು ಚೀಟಿಯೂ ಇಲ್ಲ. "ನಾನು ಬಡಿದ ಎಡ ಬಾಗಿಲುಗಳ ಒಳಗೆ ಪಂಚಿನಿಂದ ಐದು ಚುಕ್ಕಿ ಇಡುತ್ತಿದ್ದೆ, ದಾಳದ ಐದರ ಹಾಗೆ" ಎಂದು ತಂದೆ ಊಟದ ಮೇಜಿನಲ್ಲಿ ಹೇಳುತ್ತಿದ್ದರಂತೆ. ಏಕೆ ಐದು ಎಂದು ಹೇಳಿರಲಿಲ್ಲ.

"ಆಗ ನನಗೆ ಹದಿನಾರು ವರ್ಷ" ಎಂದರು ಆಲ್ಡೋ. "ಅಂಥ ಕಾರಿನ ಚಿತ್ರ ಪತ್ರಿಕೆಯಲ್ಲಿ ಬಂದಿತ್ತು. ಅಪ್ಪ ತೋರಿಸಿದರು. ನಾನು ನನ್ನ ಗೆಳೆಯರ ಎದುರಿಗೇ, 'ಸಾಕು ನಿಲ್ಲಿಸಪ್ಪ, ನೀನು ಡಬ್ಬಿ ಕಾರ್ಖಾನೆಯವನು, ಸುಳ್ಳು ಹೇಳಬೇಡ' ಅಂದೆ. ಅವರು ಪತ್ರಿಕೆ ಮಡಿಸಿಟ್ಟರು. ಮತ್ತೆಂದೂ ಆ ಮಾತು ತೆಗೆಯಲಿಲ್ಲ. ಸಾಯುವವರೆಗೂ."

ಅವರು ಅಲ್ಲಿಯವರೆಗೆ 14 ಕಾರುಗಳ ಎಡ ಬಾಗಿಲು ನೋಡಿದ್ದರು. ಕೆಲವಕ್ಕೆ ಬಾಗಿಲು ಹೊಸದು, ಕೆಲವಕ್ಕೆ ಒಳಗೆ ಏನೂ ಇರಲಿಲ್ಲ. ನಮ್ಮದು ಹದಿನೈದನೆಯದು.

ಬಾಗಿಲನ್ನು ಬಡಿದು ಉಜ್ಜಿ ಆಗಿತ್ತು, ಆದರೂ ಫೋಟೋ ಇದೆ ಎಂಬ ಧೈರ್ಯ. ಕಂಪ್ಯೂಟರಿನಲ್ಲಿ ತೆರೆದು ದೊಡ್ಡದು ಮಾಡಿದೆ. ಚಿತ್ರದಲ್ಲಿ ಬಾಗಿಲಿನ ಕೀಲು ಇರಬೇಕಾದ ಕಡೆ ಇರಲಿಲ್ಲ, ಎದುರು ಕಡೆ ಇತ್ತು. ಅದು ಬಲ ಬಾಗಿಲು. ಮುಂದಿನ ಚಿತ್ರವೂ ಬಲ ಬಾಗಿಲೇ. ಎಡದ ಒಳಮೈ ಇರಲೇ ಇಲ್ಲ.

ಕಾಕಾನನ್ನು ಕರೆದೆ. ಕನ್ನಡದಲ್ಲಿ ವಿಷಯ ಹೇಳಿದೆ. ಅವರ ಮುಖ ಇಳಿಯಿತು. ಬಾಗಿಲಿನ ತಗಡನ್ನು ತಂದು ಆಲ್ಡೋ ಅವರ ಮುಂದಿಟ್ಟರು. ಆಲ್ಡೋ ಭೂತಕನ್ನಡಿ ಹಿಡಿದು, ಅಂಗುಲ ಅಂಗುಲವಾಗಿ ನೋಡಿದರು. ಏನಿರುತ್ತದೆ? ಕನ್ನಡಿ ಪಕ್ಕಕ್ಕಿಟ್ಟು ಅಂಗೈ ಆಡಿಸಿದರು.

"ಚುಕ್ಕಿ ಇದ್ದವೇ ಎಂದು ಇವರನ್ನು ಕೇಳು" ಎಂದರು ನನಗೆ.

ಕಾಕಾನ ಇಂಗ್ಲಿಷ್ ಕಡಿಮೆ. ನಾನು ಕೇಳಿದೆ.

"ಇದ್ದುವು ಅವ್ವಾ. ನನ್ನ ಕೈಗೆ ಹತ್ತಿದ್ದುವು. ನಾಲ್ಕೋ ಐದೋ ಆರೋ. ಸಾಲಾಗಿದ್ದುವೋ ಹೆಂಗಿದ್ದುವೋ, ಖರೇನ ನೆನಪಿಲ್ಲ." ಆಮೇಲೆ, ಆಲ್ಡೋ ಕಡೆ ನೋಡದೆ, "ಹೌದು, ಐದ ಇದ್ದುವು ಅಂದಬಿಡ್ಲೇನ? ಮುದುಕ ಮನಸಿನಾಗ ತಣ್ಣಗಾಗ್ತಾನ. ಯಾರದೇನ್ ಹೋಗ್ತೈತಿ?"

ಆ ಕೋಣೆಯಲ್ಲಿ ಆ ಮಾತು ತಿಳಿದದ್ದು ನಮ್ಮಿಬ್ಬರಿಗೇ. ಹೌದು ಎಂದು ನಾನೇ ಇಂಗ್ಲಿಷಿನಲ್ಲಿ ಹೇಳಿಬಿಡಬಹುದಿತ್ತು. ಆ ಪಂಚಿನ ಗುರುತು ಆಲ್ಡೋ ಅವರ ತಂದೆಯದಾಗಿರಬಹುದು, ಆಮೇಲೆ ರಿಪೇರಿ ಮಾಡಿದ ಯಾರದೋ ಆಗಿರಬಹುದು. ಹನ್ನೊಂದು ವರ್ಷ, ಗೊತ್ತಿಲ್ಲದ ಕಡೆ 'ತಿಳಿದಿಲ್ಲ' ಎಂದೇ ಬರೆದವಳು. ಕಾಕಾ ಹೇಳಿದ ಮೊದಲ ಮಾತನ್ನಷ್ಟೇ ಹೇಳಿದೆ: ಚುಕ್ಕಿಗಳಿದ್ದವು, ಎಷ್ಟೆಂದು, ಹೇಗಿದ್ದವೆಂದು ಅವರಿಗೆ ನೆನಪಿಲ್ಲ. ಆಮೇಲೆ ಫೋಟೋ ತಪ್ಪಿದ್ದು ನನ್ನಿಂದ ಎಂದೂ ಹೇಳಿದೆ.

ಆಲ್ಡೋ ಭೂತಕನ್ನಡಿಯನ್ನು ಒರೆಸಿ ಜೇಬಿಗಿಟ್ಟರು. ಕೊನೆಗೆ, "ಒಮ್ಮೆ ಏನೂ ತಿಳಿಯದೆ ಅಪ್ಪನನ್ನು ಸುಳ್ಳುಗಾರ ಅಂದವನು ನಾನು. ಈಗ ಏನೂ ತಿಳಿಯದೆ ಕ್ಷಮೆ ಕೇಳಿದರೆ ಅವರಿಗೆ ಸಾಕಾಗುವುದಿಲ್ಲ" ಎಂದರು. ಎದ್ದು ಹೊರಡುವಾಗ ಕಾಕಾನ ಬಲಗೈ ಹಿಡಿದು, ತಿರುಗಿಸಿ ಅಂಗೈ ನೋಡಿದರು. "ಒಳ್ಳೆಯ ಕೆಲಸ" ಎಂದರು. ಅದನ್ನು ಕಾಕಾಗೆ ಹೇಳಿದೆ. ಅವರು ಅಂದು ಮಧ್ಯಾಹ್ನ ಊಟದ ಡಬ್ಬಿ ತೆರೆಯಲಿಲ್ಲ.

"ಬೈಯ್ದಿದ್ರ ಚೊಲೋ ಇತ್ತು" ಎಂದರು.

"ಟಿಕ್ ನಂದು ಕಾಕಾ."

"ಸುತ್ತಗಿ ನಂದಲ್ಲೇನು?"

ನಾಲ್ಕು ದಿನ ಓರೆ ಬೆಳಕು ಬಿಟ್ಟು ನೋಡಿದೆವು. ಪಕ್ಕದ ಲ್ಯಾಬಿನವರನ್ನು ಬೇಡಿ, ಅವರ ಮೈಕ್ರೋಸ್ಕೋಪಿನಡಿ ತಗಡು ಹಿಡಿದೆವು. ಮೇಲ್ಮೈಯನ್ನು ಅಳೆಯುವ ಸ್ಕ್ಯಾನರ್ ತರಿಸಿದರು ವಾಲ್ಟ್. ಏನೂ ಉಳಿದಿರಲಿಲ್ಲ. ಕಾಕಾನ ಕೈ ಅಷ್ಟು ಚೊಕ್ಕ. ವಾಲ್ಟ್ ನನ್ನನ್ನು ಬೈಯಲಿಲ್ಲ. ಚರಿತ್ರೆಯ ಪುಟದಲ್ಲಿ 'ಮೈ ಬಡಿದವರು' ಎಂಬ ಸಾಲಿನ ಮುಂದೆ ನಾನು 'ತಿಳಿದಿಲ್ಲ' ಎಂದು ಬರೆಯಲೆಂದು ಪಕ್ಕದಲ್ಲೇ ನಿಂತಿದ್ದರು. ತಿಳಿಯಬಹುದಾಗಿದ್ದುದನ್ನು ಅಳಿಸಿದ್ದು ನಾವೇ ಆಗಿರುವಾಗ ಹಾಗೆ ಬರೆಯಲು ಮನಸ್ಸಾಗದೆ ಖಾಲಿ ಬಿಟ್ಟೆ. ಅವರು ಒತ್ತಾಯಿಸಲಿಲ್ಲ.

ಆಲ್ಡೋ ಈಗ ಸ್ಯಾನ್ ಮಟಿಯೋದಲ್ಲಿ ಹಿರಿಯರ ಆರೈಕೆ ಮನೆಯಲ್ಲಿದ್ದಾರೆ. ಡಿಸೆಂಬರ್ ನಡುವಿನಿಂದ ಪ್ರತಿ ಬುಧವಾರ ಹೋಗಿ ಬರುತ್ತೇನೆ. ಇದುವರೆಗೆ 8 ಸಲ. ಒಂದು ಕಣ್ಣು ಪೂರ್ತಿ ಹೋಗಿದೆ, ಇನ್ನೊಂದು ಮಸುಕು. ಪ್ರತಿ ಸಲ ಒಂದೇ ಪ್ರಶ್ನೆ: "ಏನಾದರೂ ಸಿಕ್ಕಿತೇ?" ಇಲ್ಲ ಎನ್ನುತ್ತೇನೆ. ಬೇರೆ ಮಾತಿಗೆ ಹೋಗುತ್ತೇವೆ.

ಕೆಲಸ ಬಿಟ್ಟ ಮೇಲೆ ದಿನಚರಿಗಳನ್ನು ಮೊದಲಿಂದ ಓದುತ್ತ ಬಂದೆ. ಮೊನ್ನೆ ಗುರುವಾರ, ಫೆಬ್ರವರಿ 6ರಂದು, ಈ ನಮೂದು ಕಣ್ಣಿಗೆ ಬಿತ್ತು: ಆಗಸ್ಟ್ 31, ಶನಿವಾರ, ಶೆಡ್ಡು ನೋಡಲು ಸಾರ್ವಜನಿಕರಿಗೆ ಬಿಟ್ಟ ದಿನ. ಬಂದವರು 43, ಅದರಲ್ಲಿ ಸಂಘದ ಮೂಲಕ ನಾನು ಕರೆದ ಕನ್ನಡದ ಕುಟುಂಬಗಳು 12, ಮಕ್ಕಳು 17. ಅಂದರೆ ನಾನು ಫೋಟೋ ತಪ್ಪಿಸಿದ ನಾಲ್ಕು ದಿನದ ಮೇಲೆ, ಕಾಕಾ ಸುತ್ತಿಗೆ ಎತ್ತುವ ಹತ್ತು ದಿನ ಮುಂಚೆ. ಎರಡು ಬಾಗಿಲುಗಳೂ ಅಂದು ಕಿಟಕಿಯ ಪಕ್ಕದ ಉದ್ದ ಮೇಜಿನ ಮೇಲೆ, ಒಳಮೈ ಮೇಲಾಗಿ ಮಲಗಿದ್ದವು. ಮಕ್ಕಳು ಆ ಮೇಜಿನ ಮುಂದೆ ಸಾಲಾಗಿ ನಿಂತರು. ಎಲ್ಲ ಅಪ್ಪ ಅಮ್ಮಂದಿರೂ ಫೋನು ಎತ್ತಿ ಹಿಡಿದರು.

ನಂಬರು ಇದ್ದ ಏಳು ಮನೆಗಳಿಗೆ ಕೇಳಿದ್ದೇನೆ. ನಾಲ್ವರು ಒಂದೊಂದು ಚಿತ್ರ ಕಳಿಸಿದರು, ಉಳಿದ ಮೂವರ ಉತ್ತರ ಇನ್ನೂ ಬರಬೇಕು. ಬಂದ ನಾಲ್ಕರಲ್ಲಿ ಮೂರು ಚಿತ್ರಗಳಲ್ಲಿ ಎಡ ಬಾಗಿಲು ಚೌಕಟ್ಟಿನಾಚೆ ಇದೆ. ಒಂದರಲ್ಲಿ ಇದೆ, ಆದರೆ ನೋಡಬೇಕಾದ ಜಾಗಕ್ಕೆ ಸರಿಯಾಗಿ ಒಂದು ಮಗುವಿನ ಮೊಣಕೈ ಅಡ್ಡ ಬಂದಿದೆ. ಉಳಿದ ಐದು ಮನೆಯವರು ಯಾರೆಂದು ನನಗೆ ನೆನಪಿಲ್ಲ. ಬಂದವರು ಹೆಸರು ಬರೆಯಬೇಕಿದ್ದ ಪುಸ್ತಕದಲ್ಲಿ ಮಕ್ಕಳು ಕಾರಿನ ಚಿತ್ರ ಬಿಡಿಸಿದ್ದಾರೆ.

ನೀವು ಅಂದು ಬಂದಿದ್ದರೆ, ದಯವಿಟ್ಟು ನಿಮ್ಮ ಫೋನಿನಲ್ಲಿ ಆ ಶನಿವಾರಕ್ಕೆ ಹೋಗಿ. ನಿಮ್ಮ ಮಗುವನ್ನಲ್ಲ, ಮಗುವಿನ ಹಿಂದೆ ನೋಡಿ. ಮೇಜಿನ ಮೇಲೆ ಬಾಗಿಲಿನ ಬೆಳ್ಳಗಿನ ತಗಡು, ಅದರ ಕೀಲಿನಿಂದ ಒಂದು ಗೇಣು ಈಚೆ. ಐದು ಚುಕ್ಕಿ ಕಂಡರೂ ಕಳಿಸಿ, ಮೂರು ಕಂಡರೂ ಕಳಿಸಿ, ಬರಿಯ ತಗಡು ಕಂಡರೂ ಕಳಿಸಿ. ಮಸುಕಾಗಿದ್ದರೂ ಅಡ್ಡಿಯಿಲ್ಲ. ಇದನ್ನು ಅಚ್ಚು ಹಾಕಿದ ಸಂಘದ ಪತ್ರಿಕೆಗೆ ಬರೆದರೆ ಅದೇ ದಿನ ನನಗೆ ತಲುಪುತ್ತದೆ. ಆಲ್ಡೋ ಅವರಿಗೆ ಇನ್ನು ಚಿತ್ರ ಕಾಣದಿರಬಹುದು. ಅದರಲ್ಲಿ ಏನಿದೆಯೋ ಅದನ್ನು ನಾನು ಅವರ ಎದುರಿಗೆ ಕುಳಿತು ಹೇಳುತ್ತೇನೆ.